ಊರಿನ ಶಾಲೆಯನ್ನು ಊರಿನವರು ತಮ್ಮದೆಂದು ಕಾಣುವುದು ಹೇಗೆ? ಅನುಭವಸ್ಥರು ತಿಳಿಸಬೇಕಾಗಿ ಕೋರಿಕೆ

ಮುಖ್ಯ ಶಿಕ್ಷಕಿ, ಕಿರಿಯ ಪ್ರಾಥಮಿಕ ಶಾಲೆ, ಮಂಡ್ಯ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯ ಮೇಲೆ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಊರಿನ ಶಾಲೆಗೆ ಬಂದಿದ್ದೇನೆ. ಒಂದರಿಂದ ಐದನೆಯ ತರಗತಿಯವರೆಗೆ ನಲವತ್ತರ ಆಸುಪಾಸಿನಲ್ಲಿ ಮಕ್ಕಳು, ನಾನೂ ಸೇರಿ ಇಬ್ಬರು ಶಿಕ್ಷಕರು, ಇಬ್ಬರು ಅಡುಗೆಯವರು ಇದ್ದೇವೆ. ಕಟ್ಟಡಕ್ಕೆ ಕೊರತೆಯಿಲ್ಲ, ಊರಿನವರು ಒರಟರೂ ಅಲ್ಲ. ದಾರಿಯಲ್ಲಿ ಸಿಕ್ಕರೆ ‘ಊಟ ಆಯ್ತಾ ಮೇಡಂ’ ಎಂದು ವಿಚಾರಿಸದೆ ಮುಂದೆ ಹೋಗುವವರಿಲ್ಲ. ಆದರೆ ಶಾಲೆಯ ಗೇಟು ದಾಟಿದೊಡನೆ ಅವರ ನಡೆಯೇ ಬೇರೆಯಾಗುತ್ತದೆ. ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಬಂದವರಂತೆ ಬಾಗಿಲ ಬಳಿಯೇ ನಿಲ್ಲುತ್ತಾರೆ, ಕರೆದರೆ ಮಾತ್ರ ಒಳಗೆ ಬರುತ್ತಾರೆ.

ಸ್ವಾತಂತ್ರ್ಯ ದಿನಾಚರಣೆಗೆ ಮೈದಾನ ತುಂಬ ಜನ ಸೇರಿದ್ದರು. ಸಿಹಿ ಹಂಚಿದವರ, ನೋಟ್‌ಬುಕ್ ಕೊಟ್ಟವರ ಹೆಸರುಗಳನ್ನು ಮೈಕಿನಲ್ಲಿ ಹೇಳುವುದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು. ಅದರ ಮರುವಾರವೇ ಶೌಚಾಲಯದ ನೀರಿನ ವಿಚಾರವಾಗಿ ಪೋಷಕರ ಸಭೆ ಕರೆದರೆ ಬೆರಳೆಣಿಕೆಯ ಮಂದಿ ಬಂದರು. ಉಳಿದವರ ಸಹಿಯನ್ನು ಮನೆಮನೆಗೆ ಹೋಗಿ ಹಾಕಿಸಿಕೊಂಡು ಬರುವುದು ಇಲ್ಲಿ ರೂಢಿ ಎಂದು ನಮ್ಮ ಅಡುಗೆಯವರು ಸಹಜವಾಗಿಯೇ ಹೇಳಿದರು. ನಡಾವಳಿ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದರೆ ಪ್ರತಿ ಸಭೆಗೂ ಪೂರ್ಣ ಹಾಜರಿ ಇದೆ!

ಕಬ್ಬು ಕಡಿಯುವ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಬರುವ ಕುಟುಂಬಗಳ ಮಕ್ಕಳೂ ಕೆಲವು ತಿಂಗಳು ನಮ್ಮಲ್ಲಿರುತ್ತಾರೆ. ಊರಿನ ಮಕ್ಕಳಿಗೂ ಅವರಿಗೂ ನಡುವೆ ಒಂದು ಗೆರೆ ಇದೆ. ಗದ್ದಲದ ಕಾರ್ಯಕ್ರಮಗಳನ್ನು ಮಾಡಿ ಫೋಟೋ ಕಳಿಸುವ ಉತ್ಸಾಹ ನನಗಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಾಗಿ, ಪೋಷಕರಾಗಿ, ಶಿಕ್ಷಕರಾಗಿ ನೀವು ಮಾಡಿ ನೋಡಿದ್ದು ಯಾವುದು, ಯಾವುದು ನಿಂತಿತು, ಯಾವುದು ಬಿದ್ದುಹೋಯಿತು ಎಂಬುದನ್ನು ಬಲ್ಲವರಿಂದ ಕೇಳಬೇಕೆಂದಿದ್ದೇನೆ.


ಮಾಜಿ ಎಸ್‌ಡಿಎಂಸಿ ಅಧ್ಯಕ್ಷ, ಮದ್ದೂರು ತಾಲ್ಲೂಕು:

ಮೇಡಂ ಅವರೇ, ನೀವು ಹೇಳಿದ ನಡಾವಳಿ ಪುಸ್ತಕದಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ರೋಗದ ಮೂಲ ಅಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆಂದ ಮೇಲೆ ಗದ್ದೆ ಕೆಲಸ ಬಿಟ್ಟು ಸಭೆಗೆ ಯಾರು ಬರುತ್ತಾರೆ? ಮೊದಲು ಆ ಪುಸ್ತಕ ಶಾಲೆಯ ಹೊರಗೆ ಹೋಗುವುದನ್ನು ನಿಲ್ಲಿಸಿ. ನಾಲ್ವರು ಬಂದರೆ ನಾಲ್ವರದೇ ಸಹಿ ಇರಲಿ, ಕೋರಂ ಇಲ್ಲವೆಂದು ಬರೆದು ಸಭೆ ಮುಂದೂಡಿ. ಸಹಿಯಿಲ್ಲದೆ ಕೆಲಸ ನಿಲ್ಲುತ್ತದೆ ಎಂಬುದು ಊರಿಗೆ ತಿಳಿದರೆ, ಸಹಿಗೆ ಒಂದು ತೂಕ ಇದೆ ಎಂಬುದೂ ತಿಳಿಯುತ್ತದೆ.

ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿದಾಗ, ಹಳೆಯ ಗ್ರಾಮ ಶಿಕ್ಷಣ ಸಮಿತಿಯ ಪ್ರತಿಷ್ಠಿತರ ಕೈಯಿಂದ ಶಾಲೆಯನ್ನು ಬಿಡಿಸಿ ಮಕ್ಕಳನ್ನು ಅಲ್ಲಿಗೆ ಕಳಿಸುವವರ ಕೈಗೆ ಕೊಡಬೇಕೆಂಬುದೇ ಆಶಯವಾಗಿತ್ತು. ಅನಂತರ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣ ಅದಕ್ಕೆ ದೇಶದ ಮಟ್ಟದಲ್ಲಿ ಕಾನೂನಿನ ಬಲ ಕೊಟ್ಟಿತು: ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ ಅಥವಾ ಪಾಲಕರು ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು. ಕಾಗದದ ಮೇಲೆ ಎಲ್ಲ ಕಡೆಯೂ ಹೀಗೆಯೇ ಇದೆ. ನಡೆಯುವುದು ಮಾತ್ರ ಹಿಂದಿನ ರಾತ್ರಿ ಚಾವಡಿಯಲ್ಲಿ ಎರಡು ಪಕ್ಷದವರೂ ಕೂತು ಅಧ್ಯಕ್ಷರನ್ನು ತೀರ್ಮಾನಿಸುವುದು, ಮಾರನೆಯ ದಿನ ಶಾಲೆಯಲ್ಲಿ ಹೂವಿನ ಹಾರ ಹಾಕುವುದು. ಮಹಿಳಾ ಸದಸ್ಯರ ಬದಲಿಗೆ ಗಂಡಂದಿರು ಬಂದು ಕೂರುವುದನ್ನು ಎಲ್ಲರೂ ಕಂಡಿದ್ದೇವೆ.

ಎರಡು ಸಂಗತಿಗಳನ್ನು ಪ್ರಯತ್ನಿಸಿ ನೋಡಬಹುದು. ಒಂದು, ಸಭೆಯ ಜಾಗ. ಊರ ಹಿರಿಯರು ಗೌರವಕ್ಕೆಂದು ದೇವಸ್ಥಾನದ ಮುಂದಿನ ಜಗಲಿಯಲ್ಲಿ ಸಭೆ ಇಡಿ ಎನ್ನುತ್ತಾರೆ, ಒಪ್ಪಬೇಡಿ. ಅಲ್ಲಿಗೆ ಎಲ್ಲ ಕೇರಿಯವರೂ ಒಂದೇ ಸಲುಗೆಯಿಂದ ಬಂದು ಕೂರಲಾರರು, ಬಂದರೂ ಮಾತನಾಡಲಾರರು. ಊರಿನಲ್ಲಿ ಯಾರೂ ಯಾರನ್ನೂ ‘ಇಲ್ಲಿ ಕೂರಬೇಡ’ ಎನ್ನಲಾಗದ ಜಾಗ ಶಾಲೆಯೊಂದೇ. ಎರಡನೆಯದು, ಹಣ. 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ ಇದೆ, ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಈ ಲೆಕ್ಕ ಊರಿನಲ್ಲಿ ಮುಖ್ಯ ಶಿಕ್ಷಕರಿಗೂ ಅಧ್ಯಕ್ಷರಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಡೆ ‘ಲಕ್ಷಗಟ್ಟಲೆ ಬರುತ್ತದಂತೆ, ತಿನ್ನುತ್ತಾರಂತೆ’ ಎಂಬ ಮಾತು ತಾನಾಗಿ ಹುಟ್ಟುತ್ತದೆ. ಬಂದದ್ದು, ಖರ್ಚಾದದ್ದು, ಉಳಿದದ್ದು, ಈ ಮೂರನ್ನೂ ಹೊರಗೋಡೆಯ ಕಪ್ಪುಹಲಗೆಯ ಮೇಲೆ ಬರೆಯಿಸಿ. ಸೀಮೆಸುಣ್ಣದ ಬಿಲ್ಲು ಕೂಡ ಇರಲಿ. ನಮ್ಮಲ್ಲಿ ಹೀಗೆ ಬರೆಯಿಸಿದ ಮೇಲೆ ಜನ ಮೊದಲು ಜಗಳಕ್ಕೇ ಬಂದರು. ‘ಬಕೆಟ್ಟಿಗೆ ಇಷ್ಟಾ?’ ಎಂದು ಕೇಳಿದವರನ್ನೇ ಮುಂದಿನ ಸಲ ಮದ್ದೂರು ಸಂತೆಗೆ ಖರೀದಿಗೆ ಕಳಿಸಿದೆವು. ಅವರೇ ಅನಂತರ ಸಮಿತಿಯ ಅತ್ಯಂತ ಕಟ್ಟುನಿಟ್ಟಿನ ಸದಸ್ಯರಾದರು.


ಇಬ್ಬರು ಮಕ್ಕಳ ತಾಯಿ, ಪಾಂಡವಪುರ ತಾಲ್ಲೂಕು:

ಅಣ್ಣನವರು ಹೇಳಿದ ಕಾನೂನಿನ ಮಾತುಗಳೆಲ್ಲ ಸರಿ. ಅದಕ್ಕೂ ಮುಂಚಿನ ಒಂದು ಸಣ್ಣ ಮಾತು ಇದೆ. ಸಭೆಯನ್ನು ಬೆಳಿಗ್ಗೆ ಹನ್ನೊಂದು ಗಂಟೆಗೆ ಕರೆದರೆ ಯಾವ ಹೆಂಗಸು ಬರಲು ಸಾಧ್ಯ? ಆ ಹೊತ್ತಿಗೆ ಕೂಲಿಗೆ ಹೋದವರು ಗದ್ದೆಯಲ್ಲಿರುತ್ತಾರೆ, ಗಾರ್ಮೆಂಟ್ಸ್‌ಗೆ ಹೋಗುವವರು ಬಸ್ಸು ಹತ್ತಿ ಹೋಗಿ ಮೂರು ಗಂಟೆಯಾಗಿರುತ್ತದೆ. ನಮ್ಮೂರಿನಲ್ಲಿ ದಿನಕ್ಕೆರಡು ಬಾರಿ ಎಲ್ಲ ಮನೆಯಿಂದಲೂ ಒಬ್ಬರು ತಪ್ಪದೆ ಬರುವ ಜಾಗ ಹಾಲಿನ ಡೈರಿ. ಸಂಜೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಹಿಂದಿರುಗುವವರನ್ನು ಶಾಲೆಯ ಗೇಟಿನಲ್ಲಿ ನಿಲ್ಲಿಸಿಕೊಂಡರೆ ಅದೇ ಸಭೆ. ನಮ್ಮ ಮುಖ್ಯ ಗುರುಗಳು ಇದನ್ನು ಕಂಡುಕೊಂಡ ಮೇಲೆ ನೋಟಿಸು ಹೊರಡಿಸುವುದನ್ನೇ ಬಿಟ್ಟರು. ಮುಕ್ಕಾಲು ಗಂಟೆಗಿಂತ ಹೆಚ್ಚು ಎಳೆಯುವುದಿಲ್ಲ, ಏಕೆಂದರೆ ಮುದ್ದೆಗೆ ಎಸರಿಡುವ ಹೊತ್ತಾಗುತ್ತದೆ.

ಕೂರುವ ವಿಚಾರವನ್ನೂ ಹೇಳಬೇಕು. ಸಾಮಾನ್ಯವಾಗಿ ಸಭೆಯಲ್ಲಿ ಶಿಕ್ಷಕರೂ ಊರ ಮುಖಂಡರೂ ಕುರ್ಚಿಯ ಮೇಲೆ, ತಾಯಂದಿರು ಜಮಖಾನದ ಮೇಲೆ. ಅಲ್ಲಿಂದ ತಲೆಯೆತ್ತಿ ಮಾತನಾಡುವುದು ಎಲ್ಲರಿಗೂ ಆಗುವುದಿಲ್ಲ. ಒಂದೋ ಎಲ್ಲರೂ ಕೆಳಗೆ ಕೂರೋಣ, ಇಲ್ಲವೇ ಎಲ್ಲರಿಗೂ ಬೆಂಚು ಹಾಕೋಣ. ಮತ್ತೊಂದು, ‘ನಿಮ್ಮ ಮಗ ಏನೂ ಓದುವುದಿಲ್ಲ’ ಎಂದು ಹತ್ತು ಜನರೆದುರು ಅನ್ನಿಸಿಕೊಂಡ ತಾಯಿ ಮತ್ತೆ ಸಭೆಗೆ ಬಂದದ್ದನ್ನು ನಾನು ಕಂಡಿಲ್ಲ. ಅಂಥ ಮಾತು ಇದ್ದರೆ ಬೇರೆಯಾಗಿ ಕರೆದು ಹೇಳಬೇಕು.

ನಾನು ಶಾಲೆಗೆ ಹತ್ತಿರವಾದದ್ದು ಹಾಲಿನ ಮೂಲಕ. ಕ್ಷೀರಭಾಗ್ಯ ಆರಂಭವಾದದ್ದು 2013ರ ಆಗಸ್ಟ್ 1ರಂದು. ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿ ಹಾಲು. ಹೊತ್ತು ಹುಟ್ಟುವ ಮೊದಲೇ ಡೈರಿಗೆ ಕ್ಯಾನು ತುಂಬಿ ಹಾಲು ಹಾಕುವ ಮನೆಯ ಮಕ್ಕಳು ಶಾಲೆಯಲ್ಲಿ ಪುಡಿಹಾಲು ಕುಡಿಯುವುದನ್ನು ನಾವು ಹೆಂಗಸರು ಹಾಸ್ಯ ಮಾಡುತ್ತಿದ್ದೆವು. ನನ್ನ ಮಗಳು ‘ಗಂಟುಗಂಟು, ಬೇಡ’ ಎಂದು ಲೋಟ ಚೆಲ್ಲಿ ಬರುತ್ತಿದ್ದಳು. ತಾಯಂದಿರ ಸರದಿಯಲ್ಲಿ ಒಂದು ದಿನ ಅಡುಗೆಮನೆಗೆ ಹೋದಾಗ ಕುದಿಯುವ ನೀರಿಗೆ ಪುಡಿಯನ್ನು ಒಮ್ಮೆಲೇ ಸುರಿಯುತ್ತಿದ್ದದ್ದು ಕಾಣಿಸಿತು. ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಸ್ವಲ್ಪವೇ ಹಾಕಿ, ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲೆಸಿಕೊಂಡು, ಅದನ್ನು ಬಿಸಿನೀರಿಗೆ ಸೌಟಿನಿಂದ ತಿರುವುತ್ತ ಬಿಟ್ಟು, ಕೊನೆಗೆ ತೆಳುಬಟ್ಟೆಯಲ್ಲಿ ಸೋಸಿದೆವು. ಅಡುಗೆಯಮ್ಮನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ, ಅಷ್ಟು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಕೊಡಬೇಕಾದರೆ ಒಬ್ಬರ ಕೈ ಸಾಲದು. ಈಗ ಪ್ರಾರ್ಥನೆಗೆ ಮುಂಚೆ ಸರದಿಯಂತೆ ಒಬ್ಬ ತಾಯಿ ಬಂದು ಹಾಲು ಕಲೆಸಿಕೊಟ್ಟು ಹೋಗುತ್ತಾರೆ. ಹಾಗೆ ಬಂದವರು ನಲ್ಲಿ ಸೋರುವುದನ್ನು ನೋಡುತ್ತಾರೆ, ಮಗುವಿಗೆ ಜ್ವರ ಬಂದದ್ದನ್ನು ನೋಡುತ್ತಾರೆ, ಮೇಷ್ಟ್ರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತಾರೆಂಬುದನ್ನೂ ನೋಡುತ್ತಾರೆ.

ನಮ್ಮನ್ನು ಭಾಷಣ ಕೇಳಲು ಕರೆಯಬೇಡಿ ಮೇಡಂ, ಏನಾದರೂ ಮಾಡಲು ಕರೆಯಿರಿ.


ಪೋಷಕ, ಶ್ರೀರಂಗಪಟ್ಟಣ ತಾಲ್ಲೂಕು:

ಬೇಸರಿಸದಿದ್ದರೆ ಒಂದು ಮಾತು. ನನ್ನ ಮಗ ಪಟ್ಟಣದ ಖಾಸಗಿ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾನೆ. ಊರಿನ ಶಾಲೆಯ ಮೇಲೆ ನನಗೆ ಅಭಿಮಾನವಿದೆ, ನಾನು ಓದಿದ್ದೂ ಅಲ್ಲಿಯೇ. ಹಾಲು, ಸಭೆ, ಜಮಖಾನ ಎಲ್ಲ ಇರಲಿ, ಐದನೆಯ ತರಗತಿ ಮುಗಿಸಿದ ಮಗು ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ತಡವರಿಸದೆ ಓದುತ್ತದೆಯೇ, ಭಾಗಾಕಾರ ಮಾಡುತ್ತದೆಯೇ, ಇಂಗ್ಲಿಷಿನ ನಾಲ್ಕು ವಾಕ್ಯ ಬರುತ್ತದೆಯೇ? ಇದಕ್ಕೆ ಉತ್ತರ ಸಿಗದೆ ಯಾವ ಸಂಬಂಧವೂ ಗಟ್ಟಿಯಾಗುವುದಿಲ್ಲ. ಎರಡು ಕೊಠಡಿಯಲ್ಲಿ ಐದು ತರಗತಿ ಕೂರಿಸಿಕೊಂಡು ಪಾಠ ಮಾಡುವ ಶಾಲೆಗೆ ಮಗುವನ್ನು ಕಳಿಸಿ ಎಂದರೆ ಹಿಂಜರಿಕೆ ಬರುವುದು ಸಹಜ.


ಮುಖ್ಯ ಶಿಕ್ಷಕಿ, ಮಂಡ್ಯ ತಾಲ್ಲೂಕು:

ಬೇಸರವೇನೂ ಇಲ್ಲ ಸರ್, ನೇರವಾಗಿ ಕೇಳಿದ್ದೀರಿ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಐದು ತರಗತಿಗಳಿಗೆ ಐವರು ಬೇಕೆಂಬುದು ಪೋಷಕರ ಲೆಕ್ಕ. ಇವೆರಡರ ನಡುವೆ ನಾವು ಕೆಲಸ ಮಾಡುತ್ತೇವೆ. ಚಟುವಟಿಕೆಯ ಮೂಲಕ ಕಲಿಯುವ ನಲಿಕಲಿ ತರಗತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದನ್ನು ಕಂಡು ‘ಶಿಕ್ಷಕರಿಲ್ಲದ್ದಕ್ಕೆ ಎಲ್ಲರನ್ನೂ ತುಂಬಿದ್ದಾರೆ’ ಎಂದುಕೊಳ್ಳುವವರೇ ಹೆಚ್ಚು. ಕಲಿಕೆಯನ್ನು ಊರಿಗೆ ಕಾಣುವಂತೆ ಮಾಡುವುದು ಹೇಗೆಂದು ಹಿರಿಯರು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.


ನಿವೃತ್ತ ಶಿಕ್ಷಕ, ಹೆಗ್ಗಡದೇವನಕೋಟೆ:

ನಲಿಕಲಿಯ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಅದು ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಇಲ್ಲಿಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಸಣ್ಣ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದು, ಕಾಡಂಚಿನ ನಮ್ಮ ಶಾಲೆಗಳಿಗೆ ಹೊಂದುವಂತೆ ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ಬರೆದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಶಿಕ್ಷಕರೇ ಕಟ್ಟಿದ್ದು ಎಂಬ ಕಾರಣಕ್ಕೆ ಮೊದಲ ವರ್ಷಗಳಲ್ಲಿ ಅದಕ್ಕೊಂದು ಕಸುವಿತ್ತು. ಆದೇಶವಾಗಿ ಬಂದ ಕಡೆ ಅದೇ ಕಸುವನ್ನು ನಿರೀಕ್ಷಿಸುವುದು ತಪ್ಪು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಈ ಚರ್ಚೆಯ ವಿಷಯಕ್ಕೂ ಅದು ಸಲ್ಲುತ್ತದೆ. ಸಮುದಾಯದ ಪಾಲ್ಗೊಳ್ಳುವಿಕೆ ಸುತ್ತೋಲೆಯಲ್ಲಿ ಬಂದರೆ ಅದರ ವರದಿ ಹೋಗುತ್ತದೆ, ಅಷ್ಟೇ.

ನಲಿಕಲಿ ಕೋಣೆಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಚಪ್ಪರ ಮಾಡಿರುತ್ತೇವೆ, ಮಕ್ಕಳು ಬರೆದದ್ದು, ಬಿಡಿಸಿದ್ದು ಅಲ್ಲಿ ತೂಗುತ್ತಿರುತ್ತದೆ. ನಮ್ಮಲ್ಲಿ ಅದನ್ನು ಮಗುವಿನ ಕೈಗಷ್ಟೇ ಅಲ್ಲ, ದೊಡ್ಡವರ ಕಣ್ಣಿನ ಎತ್ತರಕ್ಕೂ ಸಿಗುವಂತೆ ಕಟ್ಟಿ, ಪ್ರತಿ ಹಾಳೆಯ ಕೆಳಗೆ ಮಗುವಿನ ಹೆಸರಿನ ಜೊತೆ ತಾಯಿಯ ಹೆಸರನ್ನೂ ಬರೆಸುತ್ತಿದ್ದೆವು. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ಕರೆದೊಯ್ಯಲು ಬಂದವರು ಹಾಳೆ ಹುಡುಕುತ್ತ ಒಳಗೆ ಬರುತ್ತಿದ್ದರು. ತನಗೆ ಓದಲು ಬಾರದ ತಾಯಿ ತನ್ನ ಹೆಸರು ಎಲ್ಲಿದೆ ಎಂದು ಮಗಳನ್ನೇ ಕೇಳಬೇಕಾಗುತ್ತಿತ್ತು, ಮಗಳು ಬೆರಳಿಟ್ಟು ಓದಿ ತೋರಿಸುತ್ತಿದ್ದಳು. ಶ್ರೀರಂಗಪಟ್ಟಣದ ಸ್ನೇಹಿತರು ಕೇಳುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ಯಾವ ಪ್ರಗತಿಪತ್ರವೂ ಕೊಡಲಾರದು. ಮಗು ತಡವರಿಸಿದರೆ ಅದೂ ಅಲ್ಲಿಯೇ ಗೊತ್ತಾಗುತ್ತದೆ, ಮುಚ್ಚುಮರೆಯಿಲ್ಲ.

ಇನ್ನೊಂದನ್ನು ಊರಿನವರಿಗೆ ಬಿಡಿಸಿ ಹೇಳಬೇಕು. ನಲಿಕಲಿಯಲ್ಲಿ ಮಕ್ಕಳು ತರಗತಿವಾರು ಕೂರುವುದಿಲ್ಲ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಸ್ವಲ್ಪ ಸಾಕಾದವರು, ಗೆಳೆಯರ ನೆರವಿನಿಂದ ಕಲಿಯುವವರು, ತಾವೇ ಮಾಡಿಕೊಳ್ಳುವವರು ಎಂದು ಗುಂಪಾಗುತ್ತಾರೆ. ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ಹುಡುಗನಿಗೆ ಅಕ್ಷರ ತಿದ್ದಿಸುವುದು ಶಿಕ್ಷಕರ ಕೊರತೆಯಿಂದಲ್ಲ, ಕ್ರಮವೇ ಹಾಗಿದೆ. ಒಗ್ಗಟ್ಟನ್ನು ದೊಡ್ಡವರಿಗೆ ಕಲಿಸಲು ನಾವು ಹೆಣಗುತ್ತಿದ್ದೇವೆ, ಮಕ್ಕಳು ಅದನ್ನು ಹತ್ತು ಗಂಟೆಗೆ ಆರಂಭಿಸಿ ನಾಲ್ಕಕ್ಕೆ ಮುಗಿಸುತ್ತಾರೆ. ಪೋಷಕರನ್ನು ಒಂದು ಅವಧಿ ಕೋಣೆಯಲ್ಲಿ ಸುಮ್ಮನೆ ಕೂರಿಸಿ ನೋಡಿ.


ಸಹ ಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ, ಮೈಸೂರು ನಗರ:

ಇಲ್ಲಿಯವರೆಗಿನ ಮಾತುಗಳಲ್ಲಿ ‘ಊರು’ ಎಂಬುದೊಂದು ಮೊದಲೇ ಇದೆ, ಅದನ್ನು ಶಾಲೆಗೆ ತರಬೇಕು ಎಂಬ ನಂಬಿಕೆ ಕಾಣುತ್ತದೆ. ನಗರದಲ್ಲಿ ನಮ್ಮ ಪಾಡು ಬೇರೆ. ನಮ್ಮ ಶಾಲೆಯ ಪೋಷಕರಲ್ಲಿ ಗಾರೆ ಕೆಲಸದವರು, ಹೋಟೆಲಿನ ಕೆಲಸದವರು, ಆಟೋ ಓಡಿಸುವವರು, ಮನೆಗೆಲಸದವರು, ಉತ್ತರ ಕರ್ನಾಟಕದಿಂದಲೂ ಬಿಹಾರದಿಂದಲೂ ಬಂದವರು ಇದ್ದಾರೆ. ಒಂದೇ ಬೀದಿಯಲ್ಲಿದ್ದೂ ಒಬ್ಬರಿಗೊಬ್ಬರು ಪರಿಚಯವಿಲ್ಲ. ಮನೆಯಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ. ಇವರನ್ನು ಒಟ್ಟುಗೂಡಿಸುವ ಜಾತ್ರೆಯಿಲ್ಲ, ಡೈರಿಯಿಲ್ಲ. ಇರುವುದು ಮಕ್ಕಳು ಒಂದೇ ಶಾಲೆಗೆ ಬರುತ್ತಾರೆ ಎಂಬುದೊಂದೇ.

ಮೊದಲು ಎಲ್ಲರ ಮನೆಯ ತಿಂಡಿ ತಂದು ಹಂಚಿಕೊಳ್ಳುವ ದಿನ ಮಾಡೋಣವೆಂಬ ಸಲಹೆ ಬಂತು. ನಾನು ಬೇಡವೆಂದೆ. ಯಾರು ಯಾರ ಮನೆಯದನ್ನು ತಿನ್ನುತ್ತಾರೆ, ಯಾರ ಡಬ್ಬಿ ಹಾಗೆಯೇ ಉಳಿಯುತ್ತದೆ ಎಂಬುದನ್ನು ಮಕ್ಕಳ ಕಣ್ಣಿಗೆ ಬೀಳಿಸುವ ಕಾರ್ಯಕ್ರಮ ಅದು. ಬಿಸಿಯೂಟದ ಪಂಕ್ತಿಯಲ್ಲಿ ಒಂದೇ ಹಂಡೆಯ ಅನ್ನ ಸಾರು ಎಲ್ಲರೂ ಉಣ್ಣುತ್ತಾರಲ್ಲ, ಅದಕ್ಕಿಂತ ದೊಡ್ಡದೇನೂ ಬೇಕಿಲ್ಲ. ಆ ಪಂಕ್ತಿಗೆ ಮನೆಯ ಡಬ್ಬಿ ತರುವುದನ್ನು ಮಾತ್ರ ನಿಧಾನವಾಗಿ ಬಿಡಿಸಬೇಕು, ಶಿಕ್ಷಕರೂ ಅಲ್ಲಿಯೇ ಕೂತು ಉಣ್ಣಬೇಕು.

ಅದರ ಬದಲು ಆಟ ತೆಗೆದುಕೊಂಡೆವು. ಚೌಕಾಬಾರ, ಅಳಗುಳಿ ಮಣೆ, ಕುಂಟೆಬಿಲ್ಲೆ, ಲಗೋರಿ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತ ಬಂದಿರುವುದು ಹಲವರಿಗೆ ಗೊತ್ತು. ನಮಗೆ ಬೇಕಾದದ್ದು ಅಷ್ಟು ಅಂದವಾದ ಮಣೆಗಳಲ್ಲ. ಶಾಲೆಯ ಜಗಲಿಯ ಮೇಲೆ ಐದಕ್ಕೆ ಐದರ ಮನೆ ಬರೆದು, ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿ, ಬಿಳಿ ಬಣ್ಣದಲ್ಲಿ ತಿದ್ದಿದೆವು. ನಾಲ್ಕು ಕವಡೆ ಸಾಕು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಅಜ್ಜಿಯರು ಗೇಟಿನಲ್ಲಿ ನಿಲ್ಲುವ ಬದಲು ಜಗಲಿಗೆ ಬಂದರು. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ ಇಲ್ಲವೇ ಎಂಬುದರ ಮೇಲೆ ಕನ್ನಡದ ಅಜ್ಜಿಗೂ ತಮಿಳಿನ ಅಜ್ಜಿಗೂ ನಡೆದ ವಾದಕ್ಕೆ ಶಾಲೆಯೇ ಸೇರಿತು. ಇಬ್ಬರ ನಿಯಮವೂ ಬೇರೆ, ಇಬ್ಬರೂ ಬಿಡುವವರಲ್ಲ. ಆ ಜಗಳದಿಂದಲೇ ಇಬ್ಬರಿಗೂ ಪರಿಚಯವಾಗಿ, ಈಗ ಒಬ್ಬರು ಬಾರದ ದಿನ ಇನ್ನೊಬ್ಬರು ಎರಡೂ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ.

ರಂಗಾಯಣದ ಚಿಣ್ಣರ ಮೇಳವನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ನಾಟಕ ಕಲಿಯುವಾಗ, ಹೊರಗೆ ಮರದ ಕೆಳಗೆ ಕಾಯುತ್ತ ಕೂರುವ ಪೋಷಕರ ನಡುವೆಯೂ ಒಂದು ಬಳಗ ಬೆಳೆಯುತ್ತದೆ. ಕಾಯುವ ಜಾಗದಲ್ಲಿ ಒಂದು ಕಲ್ಲುಬೆಂಚು, ಸ್ವಲ್ಪ ನೆರಳು, ಕುಡಿಯುವ ನೀರು ಇದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಶಾಲೆಗಳ ಗೇಟಿನ ಬಳಿ ಸಾಮಾನ್ಯವಾಗಿ ಇರುವುದು ‘ಅನುಮತಿಯಿಲ್ಲದೆ ಒಳಗೆ ಪ್ರವೇಶವಿಲ್ಲ’ ಎಂಬ ಫಲಕ.


ಹಳೆಯ ವಿದ್ಯಾರ್ಥಿ, ಊರು ಮಳವಳ್ಳಿ ತಾಲ್ಲೂಕು, ಈಗ ಬೆಂಗಳೂರು:

ನಾವು ಕೆಲವರು ಸೇರಿ ಊರಿನ ಶಾಲೆಗೆ ಸ್ಮಾರ್ಟ್ ಟಿವಿ, ಬೀರು, ಕುರ್ಚಿಗಳನ್ನು ಕೊಟ್ಟಿದ್ದೇವೆ, ಗೋಡೆಗೆ ಬಣ್ಣ ಹೊಡೆಸಿದ್ದೇವೆ. ದೂರದಲ್ಲಿರುವವರು ಇದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ? ದಾನಿಗಳ ಹೆಸರು ಹೇಳುವುದನ್ನು ಇಲ್ಲಿ ಸ್ವಲ್ಪ ಕೊಂಕಿನಿಂದ ಕಂಡಂತಿದೆ.


ಮಾಜಿ ಎಸ್‌ಡಿಎಂಸಿ ಅಧ್ಯಕ್ಷ, ಮದ್ದೂರು ತಾಲ್ಲೂಕು:

ಕೊಂಕಲ್ಲ ಸ್ವಾಮಿ, ಕೊಟ್ಟವರನ್ನು ನೆನೆಯುವುದು ನಮ್ಮ ಸೀಮೆಯ ಸಂಸ್ಕಾರ. ತೊಡಕು ಬೇರೆಡೆ ಇದೆ. ಹೊರಗಿನಿಂದ ಬಣ್ಣ, ಬೀರು, ಟಿವಿ ಬರುತ್ತ ಹೋದಂತೆ ಊರಿನಲ್ಲಿರುವ ಕೂಲಿಯವನಿಗೆ ‘ಕೊಡುವವರು ಕೊಡುತ್ತಾರೆ, ನನ್ನದೇನಿದೆ’ ಎನಿಸುತ್ತದೆ. ಗೋಡೆಯ ತುಂಬ ಹೆಸರುಗಳಿದ್ದು ತನ್ನದಿಲ್ಲದಿದ್ದರೆ ಅವನು ಶಾಲೆಯಿಂದ ಇನ್ನೂ ದೂರವೇ ಹೋಗುತ್ತಾನೆ. ನಮ್ಮಲ್ಲಿ ಕಾಂಪೌಂಡು ಕಟ್ಟಿದ್ದು ಆಗಿನ ಉದ್ಯೋಗ ಖಾತ್ರಿ ಯೋಜನೆಯಲ್ಲಿ, ಗ್ರಾಮಸಭೆಯಲ್ಲಿ ಬೇಡಿಕೆಯಿಟ್ಟು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿ. ಕಲ್ಲು ಹೊತ್ತವರು ಪೋಷಕರೇ, ಕೂಲಿಯೂ ಅವರಿಗೇ ಬಂತು. ಆ ಗೋಡೆಗೆ ಇಂದಿಗೂ ಯಾರೂ ಪೋಸ್ಟರು ಅಂಟಿಸುವುದಿಲ್ಲ, ಅಂಟಿಸಿದರೆ ಕಿತ್ತುಹಾಕುವವರು ನಾಲ್ವರಿದ್ದಾರೆ. ತಾವು ಹಣ ಕಳಿಸುವುದಿದ್ದರೆ ವಸ್ತು ಕೊಳ್ಳದೆ, ಏನು ಬೇಕೆಂದು ಪೋಷಕರ ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಕಳಿಸಲು ಹೇಳಿ. ಅವರು ಬೋರಿನ ಮೋಟಾರು ಕೇಳಿಯಾರು, ಟಿವಿಯನ್ನು ಕೇಳಲಿಕ್ಕಿಲ್ಲ.


ಸಹ ಶಿಕ್ಷಕ, ನಾಗಮಂಗಲ ತಾಲ್ಲೂಕು:

ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿರುವುದರಿಂದ ಎದುರು ಮಾತು ಆಡುವವನೂ ಒಬ್ಬ ಬೇಕು. ಸಂಜೆ ಡೈರಿ ಹೊತ್ತಿಗೆ ಸಭೆ ಎಂದಿರಿ. ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿಕೊಂಡು ಕೊನೆಯ ಬಸ್ಸಿಗೆ ಕಾಯುವ ಶಿಕ್ಷಕಿಗೆ ಅದು ಹೇಗೆ ಸಾಧ್ಯ? ಹಾಲು, ಮೊಟ್ಟೆ, ಚಿಕ್ಕಿಯ ಲೆಕ್ಕ, ಆನ್‌ಲೈನ್ ಹಾಜರಾತಿ, ಆಧಾರ್ ತಿದ್ದುಪಡಿ, ಸಮೀಕ್ಷೆ, ಎಲ್ಲವೂ ಇಬ್ಬರ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಪ್ರಕರಣ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಪಾಲಿಸುವವರು ಯಾರು? ಸಮಿತಿಗಳು ದನಿಯೆತ್ತಬೇಕಾದದ್ದು ಇಂಥ ಕಡೆ. ಶಿಕ್ಷಕರ ಕೊರತೆಯ ಬಗ್ಗೆ ನಾನು ಬರೆದರೆ ಅದು ಕಡತಕ್ಕೆ ಸೇರುತ್ತದೆ, ಮೂವತ್ತು ಪೋಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋದರೆ ಉತ್ತರ ಬರುತ್ತದೆ.

ಪಾಲ್ಗೊಳ್ಳುವಿಕೆಗೂ ತಲೆಹಾಕುವಿಕೆಗೂ ಅಂತರವಿದೆ ಎಂಬುದನ್ನೂ ಹೇಳಬೇಕು. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಸಮಿತಿಯವರು ಪಾಠದ ನಡುವೆ ಒಳಬಂದು ಮಕ್ಕಳನ್ನು ಎಬ್ಬಿಸಿ ಮಗ್ಗಿ ಕೇಳುತ್ತಿದ್ದರು, ಬಾರದಿದ್ದರೆ ಮಕ್ಕಳೆದುರೇ ಶಿಕ್ಷಕಿಯನ್ನು ಗದರುತ್ತಿದ್ದರು. ಹಾಲು ಕಲೆಸುವ ತಾಯಿಗೆ ಸ್ವಾಗತ, ಅಡುಗೆಯವರ ಜಾತಿ ವಿಚಾರಿಸುವವರಿಗೆ ಬಾಗಿಲು ತೆರೆಯಬಾರದು. ಈ ಎರಡನ್ನೂ ಮೊದಲ ಸಭೆಯಲ್ಲಿಯೇ ಬಾಯಿಬಿಟ್ಟು ಹೇಳಿ ನಡಾವಳಿಯಲ್ಲಿ ಬರೆಸುವುದು ಉತ್ತಮ.


ತಾಯಿ, ಪಾಂಡವಪುರ ತಾಲ್ಲೂಕು:

ನಾಗಮಂಗಲದ ಗುರುಗಳು ಬಸ್ಸಿನ ವಿಚಾರ ಹೇಳಿದ್ದು ನಿಜ. ನಮ್ಮಲ್ಲಿ ಎಲ್ಲ ಸಭೆಗೂ ಇಬ್ಬರು ಶಿಕ್ಷಕರೂ ಇರುವುದಿಲ್ಲ. ತಿಂಗಳಿಗೊಮ್ಮೆ ಒಬ್ಬರು ಉಳಿಯುತ್ತಾರೆ, ಆ ದಿನ ಅವರನ್ನು ಮುಖ್ಯರಸ್ತೆಯವರೆಗೆ ಬೈಕಿನಲ್ಲಿ ಬಿಟ್ಟುಬರುವುದು ಸಮಿತಿಯ ಹೊಣೆ. ಉಳಿದ ಮಾತುಕತೆ ನಾವೇ ನಡೆಸಿ ಬೆಳಿಗ್ಗೆ ತಿಳಿಸುತ್ತೇವೆ.


ಮುಖ್ಯ ಶಿಕ್ಷಕಿ, ಮಂಡ್ಯ ತಾಲ್ಲೂಕು:

ಇಷ್ಟು ಮಂದಿ ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಕಬ್ಬು ಕಡಿಯುವವರ ಮಕ್ಕಳ ವಿಚಾರ ಮಾತ್ರ ಉಳಿಯಿತು. ಅವರ ತಂದೆತಾಯಿ ನಸುಕಿನಲ್ಲಿ ಗದ್ದೆಗೆ ಹೋದರೆ ಕತ್ತಲಾದ ಮೇಲೆ ಬಿಡಾರಕ್ಕೆ ಬರುತ್ತಾರೆ. ಡೈರಿಗೂ ಸಭೆಗೂ ಅವರು ಸಿಗುವುದಿಲ್ಲ.


ನಿವೃತ್ತ ಶಿಕ್ಷಕ, ಹೆಗ್ಗಡದೇವನಕೋಟೆ:

ನಮ್ಮ ತಾಲ್ಲೂಕಿನಿಂದ ಕೊಡಗಿನ ಕಾಫಿ ತೋಟಗಳಿಗೆ ಹೋಗುವ ಕುಟುಂಬಗಳಿವೆ, ಹಾಗಾಗಿ ಇದರ ಇನ್ನೊಂದು ತುದಿಯನ್ನು ಕಂಡಿದ್ದೇನೆ. ದಾಖಲಾತಿಗೆ ಮೊದಲು ಹೆದರಬೇಡಿ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ಅದು ಕಾಯ್ದೆಯ 14ನೆಯ ಪ್ರಕರಣ; ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂಬುದು 4ನೆಯದು; ಮಗು ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಪತ್ರ ತಡವಾಯಿತೆಂದು ಅಲ್ಲಿಯವರು ಮಗುವನ್ನು ಹೊರಗಿಡುವಂತಿಲ್ಲ ಎಂಬುದು 5ನೆಯದು.

ಪೋಷಕರು ಬರಲಾಗದಿದ್ದರೆ ಬಿಡಾರಕ್ಕೆ ಹೋಗುವುದೊಂದೇ ದಾರಿ, ಆದರೆ ಒಬ್ಬರೇ ಹೋಗಬೇಡಿ. ಊರಿನ ಇಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಳ್ಳಿ, ಆ ಮಕ್ಕಳ ಜೊತೆ ಒಂದೇ ಗುಂಪಿನಲ್ಲಿ ಕೂರುವ ಮಕ್ಕಳ ತಾಯಂದಿರಾದರೆ ಇನ್ನೂ ಒಳ್ಳೆಯದು. ಗದ್ದೆಯ ಮಾಲೀಕರೂ ಎಷ್ಟೋ ಸಲ ನಿಮ್ಮ ಶಾಲೆಯ ಪೋಷಕರೇ ಆಗಿರುತ್ತಾರೆ. ದೊಡ್ಡ ಮಕ್ಕಳನ್ನು ಸಣ್ಣ ಮಕ್ಕಳ ಕಾವಲಿಗೆ ಬಿಡಾರದಲ್ಲಿ ಉಳಿಸಿಕೊಳ್ಳಬೇಡಿ, ಸಣ್ಣವರನ್ನು ಅಂಗನವಾಡಿಗೆ ಬಿಡಿ ಎಂದು ಕೂಲಿಯವರನ್ನು ಕರೆತರುವ ಮೇಸ್ತ್ರಿಗೆ ಹೇಳಬೇಕಾದವರು ಅವರು, ನೀವಲ್ಲ. ಅದನ್ನು ಸಮಿತಿಯ ಸಭೆಯಲ್ಲಿ ಒಂದು ವಿಷಯವಾಗಿಯೇ ಇಡಿ.

ಹೋಗುವ ಮುಂಚೆ ಮಗು ನಲಿಕಲಿಯ ಯಾವ ಮೆಟ್ಟಿಲಿನಲ್ಲಿದೆ, ಗಣಿತದಲ್ಲಿ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆದು, ನಿಮ್ಮ ಶಾಲೆಯ ದೂರವಾಣಿ ಸಂಖ್ಯೆ ಹಾಕಿ ತಾಯಿಯ ಕೈಗೆ ಕೊಡಿ. ಅವರ ಸ್ವಂತ ಊರಿನ ಶಾಲೆಯ ಶಿಕ್ಷಕರು ಕರೆ ಮಾಡುತ್ತಾರೆ. ನನಗೆ ಕೊಡಗಿನಿಂದ ಬಂದಿವೆ. ಮೇಸ್ತ್ರಿಯ ಸಂಖ್ಯೆಯನ್ನೂ ಈಗಲೇ ಬರೆದಿಟ್ಟುಕೊಳ್ಳಿ, ಮುಂದಿನ ಹಂಗಾಮಿಗೆ ಯಾವ ಕುಟುಂಬ ಯಾವಾಗ ಬರುತ್ತದೆಂಬುದು ಮೊದಲು ತಿಳಿಯುವುದು ಅವರಿಗೆ.